ಅಪ್ಪನ ಪಾತ್ರೆ ಪುರಾಣ

ನಮ್ಮ ಕಡೆಯ ಗಂಡಸರಲ್ಲಿ, ಅದರಲ್ಲೂ ಸರ್ಕಾರಿ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರಲ್ಲಿ, ಒಂದು ಅಪೂರ್ವ ಸಿದ್ಧಿಯಿರುತ್ತದೆ: ಅಡುಗೆಮನೆಗೆ ಕಾಲಿಡದೆಯೇ ದಿನಕ್ಕೆ ನಾಲ್ಕು ಸಲ ಕಾಫಿ ಕುಡಿಯಬಲ್ಲರು. ಹೇಗೆ ಎಂದು ಕೇಳಬೇಡಿ, ಅದು ಯೋಗಶಾಸ್ತ್ರದ ವಿಚಾರ. ಕುರ್ಚಿಯಲ್ಲಿ ಕೂತು, ಪತ್ರಿಕೆಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿದು, ಗಂಟಲನ್ನೊಮ್ಮೆ ಸರಿಮಾಡಿಕೊಂಡರೆ ಸಾಕು, ಐದು ನಿಮಿಷದಲ್ಲಿ ಲೋಟ ಪ್ರತ್ಯಕ್ಷವಾಗುತ್ತದೆ. ಕುಡಿದು ಕೆಳಗಿಟ್ಟರೆ ಅಂತರ್ಧಾನವಾಗುತ್ತದೆ. ಈ ಆವಿರ್ಭಾವ ತಿರೋಧಾನಗಳ ನಡುವೆ ಒಬ್ಬ ಹೆಂಗಸು ಓಡಾಡಿರುತ್ತಾಳೆ ಎಂಬ ಸ್ಥೂಲ ಸತ್ಯ ಸಿದ್ಧಪುರುಷರ ಗಮನಕ್ಕೆ ಬಂದಿರುವುದಿಲ್ಲ. ನಮ್ಮಪ್ಪ ಇಂಥ ಸಿದ್ಧರಲ್ಲಿ ಅಗ್ರಗಣ್ಯರಾಗಿದ್ದರು. ಭೂತಕಾಲ ಕಂಡು ಗಾಬರಿಯಾಗಬೇಡಿ. ಅಪ್ಪ ಗಟ್ಟಿಮುಟ್ಟಾಗಿದ್ದಾರೆ, ಹೋದದ್ದು ಸಿದ್ಧಿ ಮಾತ್ರ. ಅದೂ ಎಲ್ಲಿ, ಕ್ಯಾಲಿಫೋರ್ನಿಯದ ಒಂದು ಗುರುದ್ವಾರದಲ್ಲಿ, ಮುಸುರೆ ತೊಟ್ಟಿಯ ಮುಂದೆ. ಆ ಕಥೆ ಹೇಳೋಣವೆಂದೇ ಜಗಲಿಗೆ ಬಂದು ಕೂತಿದ್ದೇನೆ. ನಿಮಗೂ ಅಂಥ ಅವಸರವೇನಿಲ್ಲ ಅಂದುಕೊಳ್ಳುತ್ತೇನೆ.

ಅಪ್ಪ ದುಡಿದದ್ದು ಐಟಿಐನಲ್ಲಿ. ಈ ಕಾಲದ ಬೆಂಗಳೂರಿನವರಿಗೆ ಐಟಿ ಎಂದರೆ ಥಟ್ಟನೆ ತಿಳಿಯುತ್ತದೆ. ಕೊನೆಗೆ ಇನ್ನೊಂದು ಐ ಸೇರಿಸಿದರೆ ಕಣ್ಣು ಪಿಳಿಪಿಳಿ ಬಿಡುತ್ತಾರೆ. ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ 1948ರಲ್ಲಿ ಹುಟ್ಟಿದ್ದು. ಸ್ವತಂತ್ರ ಭಾರತದ ಮೊದಲ ಸಾರ್ವಜನಿಕ ಉದ್ಯಮವೆಂಬ ಹೆಗ್ಗಳಿಕೆ ಅದರದು. ಕೆ.ಆರ್. ಪುರದ ಪಕ್ಕದಲ್ಲಿ ಅದಕ್ಕಾಗಿ ದೂರವಾಣಿನಗರ ಎಂಬ ಊರೇ ಎದ್ದಿತು. ಅಲ್ಲಿ ತಯಾರಾದ, ಬೆರಳು ತೂರಿಸಿ ತಿರುಗಿಸುವ ಕಪ್ಪು ಫೋನುಗಳು ದೇಶದ ಮೂಲೆಮೂಲೆಯಲ್ಲಿ ಟ್ರಿಣ್ ಎನ್ನುತ್ತಿದ್ದಾಗ ನಮ್ಮ ಮನೆಯಲ್ಲಿ ಮಾತ್ರ ಫೋನಿರಲಿಲ್ಲ. ಕಾಯುವವರ ಪಟ್ಟಿಯಲ್ಲಿ ಅಪ್ಪನ ಹೆಸರು ಶಬರಿಯ ಪಕ್ಕದಲ್ಲೆಲ್ಲೋ ಕೂತಿತ್ತು. ಅಪ್ಪನದು ತಪಾಸಣೆಯ ವಿಭಾಗ. ಜೋಡಣೆಯಾಗಿ ಬಂದ ಬಿಡಿಭಾಗವನ್ನು ಬೆಳಕಿಗೆ ಹಿಡಿದು, ತಿರುವಿ, ಕಣ್ಣು ಕಿರಿದು ಮಾಡಿ ನೋಡಿ, 'ಪಾಸು' ಇಲ್ಲವೇ 'ರಿಜೆಕ್ಟು' ಎನ್ನುವುದು ಕೆಲಸ. ಇಂಥ ವೃತ್ತಿ ಸಂಜೆಯ ಸೈರನ್ನಿಗೆ ಗೇಟಿನಲ್ಲೇ ಉಳಿದುಬಿಡುತ್ತದೆಯೇ? ಅಪ್ಪನ ಜೊತೆ ಸೈಕಲ್ಲೇರಿ ಮನೆಗೂ ಬರುತ್ತಿತ್ತು. ದೋಸೆಯ ಅಂಚು, ದಂಟಿನ ಸೊಪ್ಪು, ನನ್ನ ಅಂಕಪಟ್ಟಿ, ತಂಗಿಗೆ ಬಂದ ವರಗಳು, ಎಲ್ಲವನ್ನೂ ಬೆಳಕಿಗೆ ಹಿಡಿದು ನೋಡುವವರೇ. ವರಗಳಲ್ಲಿ ಒಂದು ಪಾಸಾಗಿ ಅಮೆರಿಕ ಸೇರಿತು. ನನ್ನ ವಿಷಯದಲ್ಲಿ ತೀರ್ಪು ಇನ್ನೂ ಬಾಕಿಯಿದೆ.

ನೋಡುವುದು ಅಪ್ಪನ ಧರ್ಮ, ಮಾಡುವುದು ಮಿಕ್ಕವರ ಕರ್ಮ. ಈ ವಿಭಜನೆ ಅವರೊಬ್ಬರ ಆವಿಷ್ಕಾರವಲ್ಲ, ವಂಶಪಾರಂಪರ್ಯವಾಗಿ ಬಂದದ್ದು. ಹಲಸೂರಿನಲ್ಲಿ ಸೋಮೇಶ್ವರ ದೇವಸ್ಥಾನದ ಆಸುಪಾಸಿನ ಒಂದು ಸಂದಿಯಲ್ಲಿ ಅಜ್ಜಿಯ ಮನೆಯಿತ್ತು. ಹಬ್ಬಕ್ಕೆ ನಾವೆಲ್ಲ ಅಲ್ಲಿ ಸೇರುತ್ತಿದ್ದೆವು. ಗಂಡಸರು ಮೊದಲ ಪಂಕ್ತಿಯಲ್ಲಿ ಉಂಡು, ಕೈತೊಳೆದು, ಜಗಲಿಯಲ್ಲಿ ವೀಳ್ಯ ಮೆಲ್ಲುತ್ತ ಇಂದಿರಾ ಗಾಂಧಿಯವರಿಗೆ ಬುದ್ಧಿ ಹೇಳುತ್ತಿದ್ದರು. ಒಳಗೆ ಹೆಂಗಸರು ಎಂಜಲೆಲೆ ಎತ್ತಿ, ಗೋಮಯ ಮಾಡಿ, ಹೊಟ್ಟೆ ಹಿಡಿದುಕೊಂಡು ಎರಡನೆಯ ಪಂಕ್ತಿಗೆ ಕೂರುತ್ತಿದ್ದರು. ಎಲೆ ಎತ್ತೋ ಗುಂಡ ಅಂದರೆ ಉಂಡವರೆಷ್ಟು ಮಂದಿ ಅಂದನಂತೆ, ಎಂಬ ಗಾದೆಯನ್ನು ಅಜ್ಜಿ ಆಗಾಗ ಗಟ್ಟಿಯಾಗಿಯೇ ಹೇಳುತ್ತಿದ್ದದ್ದು ಯಾರಿಗೆ ಕೇಳಿಸಲೆಂದು ನನಗೆ ಈಗ ಹೊಳೆಯುತ್ತದೆ. ಜಗಲಿಯ ಗುಂಡಂದಿರು ಅದನ್ನು ಲೋಕಜ್ಞಾನವೆಂದು ತಲೆದೂಗಿ ಸ್ವೀಕರಿಸುತ್ತಿದ್ದರು. ಸೋಜಿಗವೆಂದರೆ, ರಾಜಸೂಯ ಯಾಗದಲ್ಲಿ ಸಾಕ್ಷಾತ್ ಶ್ರೀಕೃಷ್ಣ ಅತಿಥಿಗಳ ಕಾಲು ತೊಳೆಯುವ ಕೆಲಸವನ್ನು ಕೇಳಿ ಪಡೆದ ಕಥೆ ಅಪ್ಪನಿಗೆ ಪರಮಪ್ರಿಯ. ಗದ್ಗದಿತರಾಗಿ ಹೇಳುತ್ತಿದ್ದರು. ಹೇಳುವಾಗ ಹಿನ್ನೆಲೆಯಲ್ಲಿ ಬಚ್ಚಲಿನಿಂದ ಅಮ್ಮ ಪಾತ್ರೆ ಉಜ್ಜುವ ಸದ್ದು ಶ್ರುತಿಯಾಗಿ ಒದಗುತ್ತಿತ್ತು.

ಇಂಥವರು ಅಮೆರಿಕಕ್ಕೆ ಹೋದದ್ದು ತಂಗಿಯ ಬಾಣಂತನಕ್ಕೆ. ವಾಸ್ತವವಾಗಿ ಹೋದದ್ದು ಅಮ್ಮ. ಬಾಣಂತಿ ಖಾರದ ಪುಡಿ, ಅಂಟಿನುಂಡೆ, ಓಮ, ಒಣಶುಂಠಿ, ಬಜೆ, ಮಗುವಿಗೆ ಹಳೆಯ ಪಂಚೆಯ ಮೆತ್ತನೆ ತುಂಡುಗಳು, ಇವುಗಳ ಜೊತೆ ಅಪ್ಪನೂ ಸಾಗಿದರು. ನಮ್ಮ ಹಿರಿಯರ ಧರ್ಮಶಾಸ್ತ್ರದಲ್ಲಿ ಸಮುದ್ರೋಲ್ಲಂಘನ ದೊಡ್ಡ ದೋಷ. 1902ರಲ್ಲಿ ಆಳ್ವಿಕೆ ವಹಿಸಿಕೊಂಡ ನಾಲ್ವಡಿ ಕೃಷ್ಣರಾಜ ಒಡೆಯರಂಥವರೂ ಯೂರೋಪಿಗೆ ಹೊರಟದ್ದು 1936ರಲ್ಲಿ. ಅಷ್ಟು ಹೊತ್ತಿಗೆ ಕನ್ನಂಬಾಡಿ ಕಟ್ಟೆ ಮುಗಿದು ನೀರು ಹರಿಯುತ್ತಿತ್ತು. ಸಮುದ್ರ ದಾಟಿದವನು ದಾಟುವ ಮೊದಲಿನ ಮನುಷ್ಯನಾಗಿ ಮರಳುವುದಿಲ್ಲ ಎಂಬುದು ಶಾಸ್ತ್ರಕಾರರ ಅಂಜಿಕೆಯಾಗಿದ್ದಿರಬೇಕು. ಅಪ್ಪನನ್ನು ನೋಡಿದ ಮೇಲೆ ಅವರ ಅಂಜಿಕೆ ಸಕಾರಣವೆಂದೇ ನನಗನ್ನಿಸುತ್ತದೆ.

ಸ್ಯಾನ್ ಹೋಸೆಯ ಮನೆಯಲ್ಲಿ ಅಪ್ಪನಿಗೆ ಮೊದಲ ಬಾರಿಗೆ ನಿಜವಾದ ನಿವೃತ್ತಿ ಪ್ರಾಪ್ತವಾಯಿತು. ಇಲ್ಲಿದ್ದಾಗ ನಿವೃತ್ತಿಯೆಂದರೇನು, ಬೆಳಗಿನ ಪತ್ರಿಕೆ, ಸೊಪ್ಪಿನವಳ ಜೊತೆ ಚೌಕಾಸಿ, ಬ್ಯಾಂಕಿನಲ್ಲಿ ಪಾಸ್‌ಬುಕ್ಕಿಗೆ ಮುದ್ರೆ, ಸಂಜೆ ಕಾಲೊನಿಯ ಕಲ್ಲುಬೆಂಚು, ಬಿಡುವೇ ಇರುತ್ತಿರಲಿಲ್ಲ. ಅಲ್ಲಿ ಪತ್ರಿಕೆಯಿಲ್ಲ, ಸೊಪ್ಪಿನವಳಿಲ್ಲ, ಕಾರು ಓಡಿಸಲು ಬಾರದು. ಬಾಣಂತಿ ಕೋಣೆಯಂತೂ ನಿಷಿದ್ಧ ಪ್ರದೇಶ. ತಂಗಿಯ ಗಂಡ ಪಾಪ, ಮಾವನಿಗೆ ಬೇಜಾರಾದೀತೆಂದು ಕನ್ನಡ ಕೂಟದ ಸಮಾರಂಭಕ್ಕೆ ಕರೆದುಕೊಂಡು ಹೋದನಂತೆ. ಉತ್ತರ ಕ್ಯಾಲಿಫೋರ್ನಿಯದ ಕನ್ನಡ ಕೂಟ 1973ರಷ್ಟು ಹಳೆಯದು. ಹಿರಿಯರನ್ನು ಆದರಿಸುವ ಕ್ರಮವನ್ನು ನಮ್ಮೂರಿಗಿಂತ ಚೆನ್ನಾಗಿ ಉಳಿಸಿಕೊಂಡಿದೆ. ಅಪ್ಪನನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಬಿಸಿಬೇಳೆ ಬಾತನ್ನು ಕೂತಲ್ಲಿಗೇ ತಂದುಕೊಟ್ಟು, ತಟ್ಟೆಯನ್ನೂ ಎತ್ತಿಕೊಂಡು ಹೋದರು. ಹೀಗಾಗಿ ಕನ್ನಡಿಗರ ಕಡೆಯಿಂದ ಅಪ್ಪನ ಉದ್ಧಾರವಾಗುವ ಅವಕಾಶ ಅಲ್ಲಿಗೇ ತಪ್ಪಿತು.

ಉದ್ಧಾರ ಮಾಡಿದವರು ಪಾರ್ಕಿನ ಬೆಂಚಿನಲ್ಲಿ ಸಿಕ್ಕ ಒಬ್ಬ ಸರ್ದಾರ್ಜಿ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ಭಾರತದಿಂದ ಆಮದಾದ ತಾತಂದಿರು ಅಲ್ಲಿಯ ಪಾರ್ಕುಗಳಲ್ಲಿ ತಮ್ಮದೇ ಒಂದು ಸಂಯುಕ್ತ ರಾಷ್ಟ್ರ ಕಟ್ಟಿಕೊಂಡಿರುತ್ತಾರೆ. ಭಾಷೆಯ ಸಮಸ್ಯೆ ಬರಲಿಲ್ಲವೇ ಎಂದು ನೀವು ಕೇಳಬಹುದು. ಅಪ್ಪನಿಗೆ ಹಿಂದಿ ಬರುತ್ತದೆ, ಆದರೆ ಅದು ಶಿವಾಜಿನಗರ ಬಸ್ ನಿಲ್ದಾಣದಲ್ಲಿಯೂ ರಸೆಲ್ ಮಾರ್ಕೆಟ್ಟಿನ ಹಣ್ಣಿನಂಗಡಿಗಳಲ್ಲಿಯೂ ಸಂಪಾದಿಸಿದ ಹಿಂದಿ. ಬೇಡ ಎನ್ನಲು 'ನಕ್ಕೋ' ಎನ್ನುವ, ಹೌದು ಎನ್ನಲು 'ಹೌ' ಎನ್ನುವ, ವ್ಯಾಕರಣದ ಗೊಡವೆಯಿಲ್ಲದ ಸುಖದ ಭಾಷೆ. ಜಲಂಧರದ ಸರ್ದಾರ್ಜಿ ಮೊದಲೆರಡು ದಿನ ಇದು ಕನ್ನಡವೇ ಇರಬೇಕೆಂದು ಭಾವಿಸಿ, ಕನ್ನಡ ಇಷ್ಟು ಸುಲಭವೇ ಎಂದು ಬೆರಗಾಗಿದ್ದರಂತೆ.

ಅಪ್ಪ ಕರ್ನಾಟಕದವರೆಂದು ತಿಳಿದೊಡನೆ ಅವರು ಬೆಂಚಿನಿಂದ ಎದ್ದು ಕೈಮುಗಿದರು. ಅಪ್ಪ ಇದು ಐಟಿಐಗೆ ಸಂದ ಗೌರವವೆಂದುಕೊಂಡರು. ಅಲ್ಲ, ಬೀದರಿಗೆ ಸಂದದ್ದು. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದ ಸಿಂಗರು ತಲೆ ಕೊಡುವವರು ಯಾರೆಂದು ಕೇಳಿದಾಗ ಎದ್ದು ನಿಂತ ಐವರಲ್ಲಿ, ಸಿಖ್ಖರು ಪಂಚ ಪ್ಯಾರೆ ಎನ್ನುವವರಲ್ಲಿ, ಒಬ್ಬರಾದ ಭಾಯಿ ಸಾಹಿಬ್ ಸಿಂಗರು ಬೀದರಿನ ಕ್ಷೌರಿಕ ಕುಲದವರು. ಗುರು ನಾನಕರು ಬೀದರಿಗೆ ಬಂದಾಗ ಬಂಡೆಯಡಿಯಿಂದ ಸಿಹಿನೀರು ಚಿಮ್ಮಿತೆಂಬ ನಂಬಿಕೆಯ ನಾನಕ್ ಝೀರಾ ಅಲ್ಲೇ ಇದೆ. ಪಂಜಾಬಿನಿಂದ ಜನ ಯಾತ್ರೆ ಬರುತ್ತಾರೆ. ಸರ್ದಾರ್ಜಿಯೂ ಹೋಗಿಬಂದವರೇ. ಅಪ್ಪ ಬೀದರನ್ನು ಭೂಪಟದ ನೆತ್ತಿಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿರಲಿಲ್ಲ. ಆದರೂ ಬಂದ ಮರ್ಯಾದೆಯನ್ನು ಹಿಂದಿರುಗಿಸುವುದು ಅವರ ಜಾಯಮಾನವಲ್ಲ; ಬೀದರಿನ ಸಮಸ್ತರ ಪರವಾಗಿ ಗಂಭೀರವಾಗಿ ತಲೆಯಾಡಿಸಿದರು. ಹಾಗೆ ತಲೆಯಾಡಿಸಿದ ಋಣಕ್ಕೆ, ಭಾನುವಾರ ಗುರುದ್ವಾರಕ್ಕೆ ಬನ್ನಿ ಎಂದಾಗ ನಕ್ಕೋ ಎನ್ನಲಾಗಲಿಲ್ಲ.

ಸ್ಯಾನ್ ಹೋಸೆಯ ಎವರ್‌ಗ್ರೀನ್ ಬೆಟ್ಟದ ಗುರುದ್ವಾರ ಬಹಳ ದೊಡ್ಡದು. ಕ್ಯಾಲಿಫೋರ್ನಿಯಕ್ಕೆ ಸಿಖ್ಖರು ಹೊಸಬರಲ್ಲ. ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಪಂಜಾಬಿಗಳು 1912ರಲ್ಲೇ ಸ್ಟಾಕ್‌ಟನ್ ಪಟ್ಟಣದಲ್ಲಿ ಅಮೆರಿಕದ ಮೊದಲ ಗುರುದ್ವಾರ ಕಟ್ಟಿಕೊಂಡಿದ್ದರು. ಗುರುದ್ವಾರವಿದ್ದಲ್ಲಿ ಲಂಗರ್ ಎಂಬ ಸಾಮೂಹಿಕ ಊಟ ಇದ್ದೇ ಇರುತ್ತದೆ, ಲಂಗರಿನಲ್ಲಿ ಬಂದವರ ಕುಲಗೋತ್ರ ಕೇಳುವುದಿಲ್ಲ, ಎಲ್ಲರೂ ನೆಲದ ಮೇಲೆ ಒಂದೇ ಸಾಲಿನಲ್ಲಿ ಕೂರಬೇಕು. ದಾಸೋಹದ ನಾಡಿನಿಂದ ಹೋದ ಅಪ್ಪನಿಗೆ ಇದು ವಿಶೇಷವೆನಿಸಲಿಲ್ಲ. ಸಿದ್ಧಗಂಗೆಯಲ್ಲೂ ಧರ್ಮಸ್ಥಳದಲ್ಲೂ ಉಂಡು ಕೈತೊಳೆದವರೇ. ತಲೆಗೆ ಕರವಸ್ತ್ರ ಕಟ್ಟಿ ಕೂತರು. ರೊಟ್ಟಿ ಬಂದಾಗ ಬಲಗೈ ಚಾಚಿದರು. ಬಡಿಸುತ್ತಿದ್ದ ಹುಡುಗ ಕೊಡದೆ ನಗುತ್ತ ನಿಂತ. ಲಂಗರಿನ ರೊಟ್ಟಿಯನ್ನು ಎರಡೂ ಕೈ ಜೋಡಿಸಿ ಪ್ರಸಾದವೆಂದು ತೆಗೆದುಕೊಳ್ಳಬೇಕೆಂದು ಸರ್ದಾರ್ಜಿ ಕಿವಿಯಲ್ಲಿ ಹೇಳಿದರು. ಜೀವಮಾನವಿಡೀ ಒಂದು ಕೈಯಲ್ಲಿ ಪತ್ರಿಕೆ ಹಿಡಿದು ಇನ್ನೊಂದು ಕೈಯಲ್ಲಿ ತಿಂಡಿ ತಿಂದವರಿಗೆ ಎರಡು ಕೈಯನ್ನೂ ಒಮ್ಮೆಲೇ ಖಾಲಿ ಮಾಡಿಕೊಳ್ಳುವುದು ಸಾಮಾನ್ಯ ಕಷ್ಟವಲ್ಲ.

ಊಟ ಮುಗಿದ ಮೇಲೆ ತಟ್ಟೆ ಅಂತರ್ಧಾನವಾಗಲಿಲ್ಲ. ಸ್ವಲ್ಪ ಹೊತ್ತು ಕಾದರು, ಗಂಟಲನ್ನೂ ಸರಿಮಾಡಿಕೊಂಡರು. ಊಹೂಂ. ಎಲ್ಲರೂ ತಮ್ಮ ತಮ್ಮ ತಟ್ಟೆ ಹಿಡಿದು ಹೊರಟಾಗ ಹಿಂದೆಯೇ ನಡೆದರು. ಉದ್ದದ ಸ್ಟೀಲ್ ತೊಟ್ಟಿಗಳ ಮುಂದೆ ಟ್ರಕ್ ಓಡಿಸುವವರು, ಡಾಕ್ಟರುಗಳು, ಸಾಫ್ಟ್‌ವೇರಿನವರು, ಹದಿಹರೆಯದ ಹುಡುಗಿಯರು ಮೊಣಕೈವರೆಗೆ ನೊರೆ ಮಾಡಿಕೊಂಡು ತಟ್ಟೆ ತಿಕ್ಕುತ್ತಿದ್ದರು. ಅಪ್ಪನೊಳಗಿನ ತಪಾಸಣಾಧಿಕಾರಿ ಜಾಗೃತನಾದ. ತೊಳೆದಿಟ್ಟ ತಟ್ಟೆಯೊಂದನ್ನು ಕೈಗೆತ್ತಿಕೊಂಡು, ದೀಪಕ್ಕೆ ಹಿಡಿದು, ಮೂಲೆಯಲ್ಲಿ ಉಳಿದ ಬೇಳೆಯ ಕಣವನ್ನು ಗುರುತಿಸಿ 'ರಿಜೆಕ್ಟ್' ಎಂದು ಪಕ್ಕಕ್ಕಿಟ್ಟರು. ಇನ್ನೊಂದು, ಮತ್ತೊಂದು. ರಿಜೆಕ್ಟಿನ ರಾಶಿ ಬೆಳೆಯಿತು. ಆಗ ಅಲ್ಲಿದ್ದ ಒಬ್ಬ ಮುದುಕಿ, ಅಪ್ಪನ ಭುಜಕ್ಕೂ ಬಾರದ ಬೀಜಿ, ರಾಶಿಯನ್ನೊಮ್ಮೆ ಅಪ್ಪನನ್ನೊಮ್ಮೆ ನೋಡಿ, ಒಂದು ಮಾತೂ ಆಡದೆ ತನ್ನ ಕೈಯ ತಿಕ್ಕುವ ನಾರನ್ನು ಅಪ್ಪನ ಕೈಗಿಟ್ಟು, ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಉಂಡವರೆಷ್ಟು ಮಂದಿ ಎಂದು ಕೇಳಲು ಗುಂಡನಿಗೆ ಆ ಹೊತ್ತಿಗೆ ಪಂಜಾಬಿ ಬರಲಿಲ್ಲ. ತಿಕ್ಕತೊಡಗಿದರು. ಆಮೇಲೆ ಪ್ರತಿ ಭಾನುವಾರ, ಅನಂತರ ವಾರದ ನಡುವೆಯೂ, ಸರ್ದಾರ್ಜಿಯ ಮಗನ ಕಾರಿನಲ್ಲಿ ಹೋಗಿ ಪಾತ್ರಾಪ್ರಕ್ಷಾಲನ ವ್ರತ ಹಿಡಿದರು. ಆ ಲಂಗರಿಗೆ ಸಿಖ್ಖರಷ್ಟೇ ಬರುತ್ತಿರಲಿಲ್ಲ. ಮನೆಯಿಲ್ಲದೆ ಕಾರಿನಲ್ಲೇ ಮಲಗುವ ಬಿಳಿಯ ಮುದುಕ, ತಿಂಗಳ ಕೊನೆಯಲ್ಲಿ ಕೈ ಖಾಲಿಯಾದ ಮೆಕ್ಸಿಕೋದ ಸಂಸಾರ, ಹಸಿದ ವಿದ್ಯಾರ್ಥಿಗಳು, ಇವರಿಗೆಲ್ಲ ಅಪ್ಪ ಬೇಳೆ ಬಡಿಸಿದರು, ಅವರು ಉಂಡ ತಟ್ಟೆ ತೊಳೆದರು. ಲೋಕಕ್ಕೆಲ್ಲ ಡಾಲರ್ ಹಂಚುವ ದೇಶದಲ್ಲೂ ಹಸಿದವರಿದ್ದಾರೆ ಎಂಬುದು ಅವರಿಗೆ ದೊಡ್ಡ ಆಘಾತ. 'ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲೋ' ಎಂದು ಫೋನಿನಲ್ಲಿ ನನ್ನನ್ನೇ ಗದರಿದರು.

ತಂಗಿ ಇದರ ಒಂದು ಫೋಟೋ ತೆಗೆದು ವಾಟ್ಸಾಪಿನಲ್ಲಿ ನಮ್ಮ ಬಳಗದ ಗುಂಪಿಗೆ ಹಾಕಿದಳು. ತಲೆಗೆ ಕಿತ್ತಳೆ ಬಣ್ಣದ ಬಟ್ಟೆ, ಸೊಂಟಕ್ಕೆ ಏಪ್ರನ್, ಮೊಣಕೈವರೆಗೆ ನೊರೆ. ಬಳಗ ಹೌಹಾರಿತು. 'ಅಳಿಯಂದಿರ ಕೆಲಸ ಹೋಯಿತೇ?' ಎಂದು ಅತ್ತೆ. 'ಅಣ್ಣ, ಯಾಕೆ ಹೀಗೆ, ಟಿಕೆಟ್ಟಿಗೆ ದುಡ್ಡು ಬೇಕಿದ್ದರೆ ಕೇಳಬಾರದೇ' ಎಂದು ಚಿಕ್ಕಪ್ಪ. ನನ್ನ ಹೆಂಡತಿ ಮಾತ್ರ ಏನೂ ಬರೆಯದೆ ಫೋಟೋವನ್ನು ನನ್ನ ಕಡೆ ತಿರುಗಿಸಿ, ನಾನು ಕುಡಿದಿಟ್ಟ ಲೋಟದ ಪಕ್ಕದಲ್ಲಿ ಫೋನಿಟ್ಟು ಒಳಗೆ ಹೋದಳು. ವ್ಯಂಗ್ಯಾರ್ಥಗಳನ್ನು ಗ್ರಹಿಸುವುದರಲ್ಲಿ ನಾನು ಸ್ವಲ್ಪ ಮಂದ.

ಅಪ್ಪನಿಗೆ ಇದು ಅಲ್ಲಿ ಹೇಗೆ ಸಾಧ್ಯವಾಯಿತು ಎಂದು ನಾನು ಬಹಳ ಯೋಚಿಸಿದ್ದೇನೆ. ಕೂತು ಯೋಚಿಸುವುದು ನಮ್ಮ ವಂಶದ ಗಂಡಸರಿಗೆ ಕರಗತ. ನನಗೆ ತೋರುವುದು ಇಷ್ಟು: ಮರ್ಯಾದೆ ಎಂಬುದು ನಮ್ಮ ಮೈಮೇಲೆ ಇರುವುದಿಲ್ಲ, ಎದುರುಮನೆಯವರ ಕಣ್ಣಿನಲ್ಲಿರುತ್ತದೆ. ಸ್ಯಾನ್ ಹೋಸೆಯಲ್ಲಿ ಎದುರುಮನೆಯವರಿಗೆ ಅಪ್ಪ ಯಾರೆಂದೇ ಗೊತ್ತಿರಲಿಲ್ಲ. ಸೂಪರ್‌ವೈಸರ್ ಸಾಹೇಬರು, ಹಿರಿಯ ಮಗ, ಮಾವನವರು, ಯಜಮಾನರು, ಈ ಪದವಿಗಳೆಲ್ಲ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೇ ಉಳಿದಿದ್ದವು. ಚಪ್ಪಲಿ ಕಳಚಿಟ್ಟಷ್ಟು ಸಲೀಸಾಗಿ ಅವನ್ನು ಕಳಚಿಟ್ಟು ತೊಟ್ಟಿಯ ಮುಂದೆ ನಿಲ್ಲಬಹುದಿತ್ತು.

ಹಾಗೆ ನೋಡಿದರೆ ಹಲಸೂರು, ಶಿವಾಜಿನಗರಗಳ ನಮ್ಮ ದಂಡು ಪ್ರದೇಶವೇ ಪರದೇಶಕ್ಕೆ ಬಂದು ಪದವಿ ಕಳಚಿಟ್ಟವರ ಬೀಡು. ಬಾಲ್ಯದಲ್ಲಿ ಅಜ್ಜಿಯ ಸೆರಗು ಹಿಡಿದು ರಸೆಲ್ ಮಾರ್ಕೆಟ್ಟಿಗೆ ಹೋಗುತ್ತಿದ್ದೆ. ಅಜ್ಜಿ ಕೊಸರಿಗಾಗಿ ಜಗಳವಾಡುವ ಕಲೆಯಲ್ಲಿ ನಿಷ್ಣಾತೆ; ಅರ್ಧ ಕೇಜಿ ಬೀನ್ಸಿಗೆ ಎರಡು ಹಸಿಮೆಣಸಿನಕಾಯಿ, ಒಂದು ಎಳೆ ಕರಿಬೇವು ಬಿಟ್ಟಿ ಗಿಟ್ಟಿಸದೆ ಕದಲುತ್ತಿರಲಿಲ್ಲ. ಒಮ್ಮೆ ನಮ್ಮ ಪಕ್ಕದಲ್ಲೇ ಬಿಳಿಯ ನಿಲುವಂಗಿಯ ಕ್ರೈಸ್ತ ಸನ್ಯಾಸಿನಿಯೊಬ್ಬರು ಚೀಲ ಹಿಡಿದು ನಿಂತಿದ್ದರು. ಅಜ್ಜಿಗೆ ಎರಡು ಮೆಣಸಿನಕಾಯಿ ಕೊಡಲು ಒದ್ದಾಡುತ್ತಿದ್ದ ಅಂಗಡಿಯವನು ಅವರ ಚೀಲಕ್ಕೆ ಕೇಳುವ ಮೊದಲೇ ಬೊಗಸೆ ಬೊಗಸೆ ಟೊಮೇಟೊ ಸುರಿದ. ಅಜ್ಜಿಗೆ ಉರಿಯಿತು. 'ಅವರಿಗೆ ಮಾತ್ರ ಏನು ವಿಶೇಷ?' 'ಅದು ಮನೆಗಲ್ಲಮ್ಮ, ದಿಕ್ಕಿಲ್ಲದ ಮುದುಕರಿಗೆ' ಎಂದ.

ಅವರು ಲಿಟ್ಲ್ ಸಿಸ್ಟರ್ಸ್ ಆಫ್ ದಿ ಪೂರ್ ಎಂಬ ಸಂಸ್ಥೆಯ ಸೋದರಿಯರೆಂದು ಆಮೇಲೆ ತಿಳಿಯಿತು. 1839ರ ಚಳಿಗಾಲದಲ್ಲಿ ಫ್ರಾನ್ಸಿನ ಜೀನ್ ಜುಗಾನ್ ಎಂಬಾಕೆ ಕಣ್ಣಿಲ್ಲದ ಒಬ್ಬ ಮುದುಕಿಯನ್ನು ಮನೆಗೆ ಕರೆತಂದು ತನ್ನ ಹಾಸಿಗೆಯನ್ನೇ ಬಿಟ್ಟುಕೊಟ್ಟಳು. ಅಲ್ಲಿಂದ ಬೆಳೆದದ್ದು ಆ ಸಂಸ್ಥೆ. ಬೆಂಗಳೂರಿಗೆ ಬಂದದ್ದು 1900ರಲ್ಲಿ. ಹೊಸೂರು ರಸ್ತೆಯಲ್ಲಿ ಅವರ ವೃದ್ಧಾಶ್ರಮವಿದೆ. ಮನೆಮನೆಗೆ, ಮಾರ್ಕೆಟ್ಟಿಗೆ ಹೋಗಿ ಕೈಯೊಡ್ಡಿ ತಂದು ಮುದುಕರನ್ನು ಸಾಕುವುದು ಅವರು ಮೊದಲಿನಿಂದ ಪಾಲಿಸಿಕೊಂಡು ಬಂದ ನಿಯಮ. ಪರದೇಶದ ಬೀದಿಯಲ್ಲಿ ಪರರಿಗಾಗಿ ಭಿಕ್ಷೆ ಎತ್ತಲು ಎಷ್ಟು ಗಟ್ಟಿ ಎದೆ ಬೇಕು! ಅಜ್ಜಿ ಅವತ್ತು ಕೊಸರು ಕೇಳದೆ ಮನೆಗೆ ಬಂದಳು. ಮುಂದಿನ ವಾರದಿಂದ ಮತ್ತೆ ಶುರುಮಾಡಿದಳೆನ್ನಿ. ಮನಃಪರಿವರ್ತನೆ ಎಂಬುದು ನಮ್ಮ ವಂಶದಲ್ಲಿ ನಿಧಾನ.

ಸೇವೆಗೆಂದು ಸಮುದ್ರ ದಾಟಿದ ಇನ್ನೊಬ್ಬ ಅಪ್ಪನ ಕಥೆಯನ್ನೂ ಹೇಳಿಬಿಡುತ್ತೇನೆ. ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ ಬೆಂಗಳೂರಿಗೆ ಬಂದದ್ದು 1837ರಲ್ಲಿ. ನಮ್ಮನ್ನು ಬದಲಾಯಿಸಲೆಂದು ಬಂದವರು ಕನ್ನಡ ಕಲಿತು, ಶಾಲೆ ನಡೆಸಿ, ಐವತ್ತು ವರ್ಷ ಇಲ್ಲೇ ಬಾಳಿ, ಇಲ್ಲೇ ತೀರಿಕೊಂಡರು. ಅವೆನ್ಯೂ ರಸ್ತೆಯ ಚರ್ಚು ಅವರ ಹೆಸರು ಹೊತ್ತಿದೆ. ಅವರು ನಮ್ಮನ್ನೆಷ್ಟು ಬದಲಿಸಿದರೋ ಕಾಣೆ, ಅವರ ಮಕ್ಕಳನ್ನಂತೂ ನಾವು ಬದಲಿಸಿದೆವು. ಅವರು ಬಂದ ವರ್ಷವೇ ಬೆಂಗಳೂರಿನಲ್ಲಿ ಹುಟ್ಟಿದ ಮಗ ಬಿ.ಎಲ್. ರೈಸ್ ಊರೂರು ಅಲೆದು ನಮ್ಮ ಶಾಸನಗಳನ್ನು ಕೂಡಿಹಾಕಿ 'ಎಪಿಗ್ರಾಫಿಯ ಕರ್ನಾಟಿಕ'ದ ಹನ್ನೆರಡು ಸಂಪುಟಗಳನ್ನು ಕೊಟ್ಟರು. ಇನ್ನೊಬ್ಬ ಮಗ ಇ.ಪಿ. ರೈಸ್ ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಅಪ್ಪ ಪರದೇಶಕ್ಕೆ ಸೇವೆಗೆ ಹೋದರೆ ಮಕ್ಕಳು ಉದ್ಧಾರವಾಗುತ್ತಾರೆ ಎಂಬುದಕ್ಕೆ ರೈಸ್ ಮನೆತನ ಸಾಕ್ಷಿ. ಆಗಲೇಬೇಕೆಂದಿಲ್ಲ ಎಂಬುದಕ್ಕೆ ನಾನು.

ಅಪ್ಪ ಮರಳಿ ಬಂದರು. ಬಂದ ಮಾರನೆಯ ದಿನ ಊಟವಾದೊಡನೆ ತಟ್ಟೆ ಎತ್ತಿಕೊಂಡು ಬಚ್ಚಲಿಗೆ ನಡೆದರು. ಕೆಲಸದಾಕೆ ತನ್ನ ಹೊಟ್ಟೆಯ ಮೇಲೆ ಹೊಡೆಯುತ್ತಿದ್ದಾರೆಂದು ಅಮ್ಮನ ಬಳಿ ಅತ್ತಳು; ಭಾನುವಾರ ಅವಳಿಗೆ ಸಂಬಳಸಹಿತ ರಜೆಯೆಂದು ತೀರ್ಮಾನವಾದ ಮೇಲೆ ಸಮಾಧಾನಗೊಂಡಳು. ಅಮ್ಮ ಇನ್ನೂ ಪೂರ್ತಿ ಸಮಾಧಾನಗೊಂಡಿಲ್ಲ. 'ಮೊದಲು ಪಾತ್ರೆ ತೊಳೆಯುವುದೊಂದೇ ಕೆಲಸ. ಈಗ ಇವರು ತೊಳೆದದ್ದನ್ನು ಹೊಗಳಬೇಕು, ಇವರು ಅತ್ತ ಹೋದ ಮೇಲೆ ಇನ್ನೊಂದು ಸಲ ತೊಳೆಯಬೇಕು' ಎನ್ನುತ್ತಾಳೆ. ಹಾಗೆಂದು ಅಪ್ಪ ಋಷಿಯಾಗಿದ್ದಾರೆಂದು ತಿಳಿಯಬೇಡಿ. ಬೆಳಗಿನ ಪತ್ರಿಕೆಯನ್ನು ಅವರಿಗಿಂತ ಮೊದಲು ಬಿಡಿಸಿದವರಿಗೆ ಈಗಲೂ ಕ್ಷಮೆಯಿಲ್ಲ. ಕುಕ್ಕರಿನ ಗ್ಯಾಸ್ಕೆಟ್ಟನ್ನು ವಾರಕ್ಕೊಮ್ಮೆ ಬೆಳಕಿಗೆ ಹಿಡಿದು ನೋಡುತ್ತಾರೆ.

ನಿಜವಾದ ಪರೀಕ್ಷೆ ಹಲಸೂರಿನಲ್ಲಿ ಕಾದಿತ್ತು. ಹಲಸೂರು ಕೆರೆಯ ದಡದಲ್ಲಿ, ಕೆನ್ಸಿಂಗ್‌ಟನ್ ರಸ್ತೆಯಲ್ಲಿ, 1946ರಿಂದ ಒಂದು ಗುರುದ್ವಾರವಿದೆ. ಅಜ್ಜಿಯ ಮನೆಯಿಂದ ನಡೆದು ಹೋಗುವಷ್ಟು ದೂರ. ಬಾಲ್ಯದಲ್ಲಿ ಅದರ ಮುಂದೆ ಹಾದೇ ಅಪ್ಪ ಕೆರೆಗೆ ಗಾಳಕ್ಕೆ ಹೋಗುತ್ತಿದ್ದವರು. ಒಳಗೆ ಒಮ್ಮೆಯೂ ಕಾಲಿಟ್ಟಿರಲಿಲ್ಲ. ಕೆರೆಯ ಆ ದಡದಿಂದ ಗುರುದ್ವಾರದ ಮೆಟ್ಟಿಲಿಗೆ ಬರಲು ಶಾಂತಸಾಗರ ದಾಟಿ ಹೋಗಿಬರಬೇಕಾಯಿತು. ಈಗ ಭಾನುವಾರಗಳಲ್ಲಿ ಕೆ.ಆರ್. ಪುರದಲ್ಲಿ ನೇರಳೆ ಮಾರ್ಗದ ಮೆಟ್ರೋ ಹತ್ತಿ ಹಲಸೂರಿನಲ್ಲಿ ಇಳಿಯುತ್ತಾರೆ. ಮೊದಮೊದಲು ಬಾಗಿಲಿಗೆ ಬೆನ್ನು ಮಾಡಿ ತಿಕ್ಕುತ್ತಿದ್ದರಂತೆ, ಏಕೆಂದರೆ ಇಲ್ಲಿ ನೋಡುವವರಿದ್ದಾರೆ. ಇದು ಹಲಸೂರು, ಗುರುತು ಸಿಗದೆ ಒಂದು ಬೀದಿ ದಾಟಲಾಗುವುದಿಲ್ಲ. ಕೊನೆಗೊಂದು ದಿನ ಹೆದರಿದ್ದೇ ಆಯಿತು. ಒಂದು ಕಾಲದಲ್ಲಿ ಇವರ ಕೈಕೆಳಗೆ ದುಡಿದು, ಎಷ್ಟೋ ಸಲ 'ರಿಜೆಕ್ಟು' ಅನ್ನಿಸಿಕೊಂಡ ಒಬ್ಬರು ಸೊಸೆ ಮೊಮ್ಮಕ್ಕಳ ಜೊತೆ ಲಂಗರಿಗೆ ಬಂದಿದ್ದವರು, ಎಂಜಲು ತಟ್ಟೆ ಕೈಯಲ್ಲಿ ಹಿಡಿದು ಕಲ್ಲಾಗಿ ನಿಂತರು. 'ಸಾರ್... ನೀವು ಇಲ್ಲಿ?' ಅಪ್ಪ ತಿರುಗಿ ನೋಡಿದರು. 'ತಟ್ಟೆ ಕೊಡಿ ಸ್ವಾಮಿ, ಹಿಂದೆ ಜನ ಕಾಯ್ತಿದ್ದಾರೆ' ಎಂದು ಕೈಚಾಚಿದರು. ಆ ವ್ಯಕ್ತಿ ಕೊಡಲೊಲ್ಲರು, ಅಪ್ಪ ಬಿಡಲೊಲ್ಲರು. ಸ್ವಲ್ಪ ಹೊತ್ತು ಎಳೆದಾಡಿ ಕೊನೆಗೆ ಇಬ್ಬರೂ ಅಕ್ಕಪಕ್ಕ ನಿಂತು ತಿಕ್ಕಿದರಂತೆ. ಅವರ ತಟ್ಟೆಗಳಲ್ಲಿ ರಿಜೆಕ್ಟು ಎಷ್ಟು ಎಂದು ಕೇಳಿದೆ. 'ನಾನು ನೋಡಲಿಲ್ಲ' ಎಂದರು ಅಪ್ಪ. ಸ್ಯಾನ್ ಹೋಸೆಯಲ್ಲಿ ತೊಳೆದದ್ದು ಅಭ್ಯಾಸ, ಅವರು ಪಾಸಾದದ್ದು ಹಲಸೂರಿನಲ್ಲಿ.

ಆದ್ದರಿಂದ ಹೊರದೇಶದಲ್ಲಿ ಸಂಸಾರ ಹೂಡಿರುವ ಹೆಣ್ಣುಮಕ್ಕಳಲ್ಲಿ ನನ್ನದೊಂದು ಅರಿಕೆ: ಬಾಣಂತನಕ್ಕೆ ಅಮ್ಮನಿಗೆ ಟಿಕೆಟ್ಟು ತೆಗೆಸುವಾಗ ಅಪ್ಪನಿಗೂ ಒಂದು ತೆಗೆಸಿ, ದುಡ್ಡು ದಂಡವಾಗುವುದಿಲ್ಲ. ಮುಂದಿನ ಸಾಲಿನಲ್ಲಿ ಕೂರಿಸಿ ಶಾಲು ಹೊದಿಸಬೇಡಿ, ಎಲ್ಲಿ ಯಾರೂ ಗುರುತು ಹಿಡಿಯುವುದಿಲ್ಲವೋ ಅಲ್ಲಿಗೆ ಕರೆದುಕೊಂಡು ಹೋಗಿ ಕೈಗೊಂದು ಕೆಲಸ ಕೊಡಿ. ಹೆಣ್ಣುಮಕ್ಕಳು ಹೊರದೇಶದಲ್ಲಿಲ್ಲದವರು ನಿರಾಶರಾಗಬೇಕಿಲ್ಲ. ಭಾನುವಾರ ಮೆಟ್ರೋ ಇದೆ, ತಲೆಗೆ ಕಟ್ಟಲು ಒಂದು ಕರವಸ್ತ್ರವಿದ್ದರೆ ಸಾಕು, ವೀಸಾ ಕೇಳುವುದಿಲ್ಲ. ನಾನೂ ಒಂದು ಭಾನುವಾರ ಹೋಗಬೇಕೆಂದಿದ್ದೇನೆ. ಯಾವ ಭಾನುವಾರವೆಂದು ಯೋಚಿಸುತ್ತಿದ್ದೇನೆ. ನೀವು ನನ್ನನ್ನು ಕಾಯಬೇಡಿ, ಹೊರಡಿ.